ಟ್ಯಾಂಕಿನ ಕಣ್ಣು

ಗಣಕಯಂತ್ರದಲ್ಲಿ ಆಡುವ ಟ್ಯಾಂಕ್ ಯುದ್ಧದ ಆಟಗಳಲ್ಲಿ ವಾಸ್ತವಕ್ಕೆ ಹತ್ತಿರವಾದವು ಆಟಗಾರನಿಗೆ ಫಿರಂಗಿಯ ಗುರಿದರ್ಶಕದ ಕಿರಿದಾದ ನೋಟವನ್ನಷ್ಟೇ ಕೊಡುತ್ತವೆ. ಅದರೊಳಗಿನ ಗೆರೆಗಳೇ ಅಳತೆಗೋಲು. 1 ಮೀಟರ್ ಅಗಲದ ವಸ್ತು 1000 ಮೀಟರ್ ದೂರದಲ್ಲಿ ಒಂದು 'ಮಿಲ್' ಕೋನದಷ್ಟು ಕಾಣುತ್ತದೆ. 3 ಮೀಟರ್ ಅಗಲದ ಟ್ಯಾಂಕು 2 ಮಿಲ್‌ನಷ್ಟು ಕಂಡರೆ ಅದು 1500 ಮೀಟರ್ ದೂರದಲ್ಲಿದೆಯೆಂದು ತಿಳಿಯಬೇಕು.

ಇರುಳಿನಲ್ಲಿ ಈ ಗೆರೆಗಳಷ್ಟೇ ಸಾಲವು. 1973ರ ಅಕ್ಟೋಬರಿನಲ್ಲಿ ಗೋಲಾನ್ ಪ್ರಸ್ಥಭೂಮಿಯಲ್ಲಿ ಇಸ್ರೇಲಿನ ಸೇನೆಯ ಮೇಲೆರಗಿದ ಸಿರಿಯಾದ ಟ್ಯಾಂಕುಗಳು ಅವಕೆಂಪು ದೀಪಗಳ ನೆರವಿನಿಂದ ಕತ್ತಲಲ್ಲಿಯೂ ಹೋರಾಡಿದವು. ಆ ಬೆಳಕು ಬರಿಗಣ್ಣಿಗೆ ಕಾಣದು. ಆದರೆ ತಕ್ಕ ದರ್ಶಕವುಳ್ಳ ಎದುರಾಳಿಗೆ ದೀಪ ಉರಿಸಿದವನ ನೆಲೆ ತಿಳಿದುಬಿಡುತ್ತದೆ. ಮುಂದೆ ಬಂದ ಉಷ್ಣದರ್ಶಕಕ್ಕೆ ದೀಪವೇ ಬೇಡ. ಎಂಜಿನ್ನಿನ ಬಿಸಿಯೇ ಅದಕ್ಕೆ ಸಾಕು.

ಆಟದಲ್ಲಿ ಗುರಿ ತಪ್ಪಿದವನು ಮತ್ತೆ ಆರಂಭಿಸಬಹುದು. ಗೋಲಾನಿನ ಸೈನಿಕರಿಗೆ ಆ ಅವಕಾಶವಿರಲಿಲ್ಲ.