ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರ್: ಯಾವಾಗ ಹಾಕಬೇಕು, ಯಾವಾಗ ತೆಗೆಯಬೇಕು?

ಕನಕಪುರ ತಾಲ್ಲೂಕಿನ ದಕ್ಷಿಣ ಭಾಗದಲ್ಲಿರುವ ಉಯ್ಯಂಬಳ್ಳಿ ಹೋಬಳಿಯ ಭೂಮಿ ಟ್ರ್ಯಾಕ್ಟರಿಗೆ ಸುಲಭವಾದುದಲ್ಲ. ಕೆಂಪು ಮಣ್ಣಿನ ಇಳಿಜಾರು ಹೊಲಗಳು, ನಡುನಡುವೆ ತಲೆ ಎತ್ತಿರುವ ಹಾಸುಬಂಡೆಗಳು, ಮಳೆ ಬಂದರೆ ಜಾರುವ ಬಂಡಿದಾರಿ, ದಾಟಬೇಕಾದ ಹಳ್ಳ, ಅದು ಮುಗಿದ ಕೂಡಲೇ ಡಾಂಬರು ರಸ್ತೆ. ರಾಗಿ ಹೊಲವನ್ನು ಉಳುವ ಟ್ರ್ಯಾಕ್ಟರೇ ಹಿಪ್ಪುನೇರಳೆ ತೋಟಕ್ಕೆ ಕೊಟ್ಟಿಗೆ ಗೊಬ್ಬರವನ್ನೂ ಹೊರಬೇಕು. ಒಂದೇ ದಿನದಲ್ಲಿ ಅದು ಈ ಎಲ್ಲ ಬಗೆಯ ನೆಲದ ಮೇಲೂ ಓಡಾಡಬೇಕಾಗುತ್ತದೆ.

ಇಂತಹ ಕಡೆ ನಾಲ್ಕೂ ಗಾಲಿಗಳಿಗೆ ಎಂಜಿನ್ನಿನ ಶಕ್ತಿ ಕೊಡುವ ಟ್ರ್ಯಾಕ್ಟರ್ ಬಹಳ ಉಪಯುಕ್ತ. ಆದರೆ ಲಿವರನ್ನು ಒಮ್ಮೆ ಹಾಕಿ ಹಾಗೆಯೇ ಬಿಟ್ಟುಬಿಟ್ಟರೆ, ಹೊಲದಲ್ಲಿ ದುಡಿಯಬೇಕಾದ ಗೇರುಗಳು ರಸ್ತೆಯಲ್ಲಿ ಸವೆದು ಹೋಗುತ್ತವೆ. ಮುಂದಿನ ಆಕ್ಸಲ್ ಬಿಚ್ಚಿ ಕ್ರೌನ್ ಮತ್ತು ಪಿನಿಯನ್ ಗೇರು ಬದಲಾಯಿಸುವುದು ದುಬಾರಿ ಕೆಲಸ. ಟ್ರ್ಯಾಕ್ಟರ್ ರಿಪೇರಿಗೆ ನಿಂತಿರುವಾಗ ಹೊಲದ ಹದ ನಮಗಾಗಿ ಕಾಯುವುದಿಲ್ಲ. ಆದುದರಿಂದ ಈ ಚಾಲನೆಯನ್ನು ಉಪಯೋಗಿಸುವ ಕ್ರಮವನ್ನೂ, ಹಾನಿಯ ಗುರುತುಗಳನ್ನೂ ಪ್ರತಿಯೊಬ್ಬ ಚಾಲಕನೂ ತಿಳಿದಿರಬೇಕು.

ನಾಲ್ಕು ಗಾಲಿ ಚಾಲನೆ ಎಂದರೇನು?

ಸಾಮಾನ್ಯ ಟ್ರ್ಯಾಕ್ಟರಿನಲ್ಲಿ ಶಕ್ತಿ ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಹೋಗುತ್ತದೆ. ಮುಂದಿನ ಗಾಲಿಗಳು ತಿರುಗಿಸುವುದಕ್ಕೆ ಮಾತ್ರ. ನಾಲ್ಕು ಗಾಲಿ ಚಾಲನೆಯ ಟ್ರ್ಯಾಕ್ಟರಿನಲ್ಲಿ ಗೇರ್‌ಬಾಕ್ಸಿನಿಂದ ಒಂದು ಪ್ರೊಪೆಲರ್ ಶಾಫ್ಟ್ ಮುಂದಿನ ಆಕ್ಸಲಿಗೆ ಹೋಗುತ್ತದೆ. ಲಿವರನ್ನು ಅಥವಾ ಸ್ವಿಚ್ಚನ್ನು ಹಾಕಿದಾಗ ಈ ಶಾಫ್ಟ್ ಗೇರ್‌ಬಾಕ್ಸಿಗೆ ಕೂಡಿಕೊಂಡು ಮುಂದಿನ ಗಾಲಿಗಳೂ ಎಳೆಯತೊಡಗುತ್ತವೆ.

ಇದನ್ನು ಡಿಫರೆನ್ಷಿಯಲ್ ಲಾಕ್ ಜೊತೆಗೆ ಗೊಂದಲ ಮಾಡಿಕೊಳ್ಳಬಾರದು. ಹಿಂದಿನ ಡಿಫರೆನ್ಷಿಯಲ್ ಲಾಕ್ ಎಡ ಮತ್ತು ಬಲ ಗಾಲಿಗಳನ್ನು ಒಂದುಗೂಡಿಸುತ್ತದೆ. ನಾಲ್ಕು ಗಾಲಿ ಚಾಲನೆ ಮುಂದಿನ ಮತ್ತು ಹಿಂದಿನ ಆಕ್ಸಲುಗಳನ್ನು ಒಂದುಗೂಡಿಸುತ್ತದೆ. ಡಿಫರೆನ್ಷಿಯಲ್ ಲಾಕ್ ಹಾಕಿದಾಗ ನೇರವಾಗಿ ಮಾತ್ರ ಓಡಿಸಬೇಕು. ತಿರುಗಿಸುವ ಮುನ್ನ ಅದನ್ನು ಬಿಡಲೇಬೇಕು.

ಗಟ್ಟಿ ನೆಲದಲ್ಲಿ ಹಾನಿ ಏಕೆ?

ಟ್ರ್ಯಾಕ್ಟರ್ ತಿರುಗುವಾಗ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ದೊಡ್ಡ ಸುತ್ತು ಹಾಕುತ್ತವೆ. ಉದಾಹರಣೆಗೆ, ಎರಡು ಆಕ್ಸಲುಗಳ ನಡುವಿನ ಅಂತರ 2 ಮೀಟರ್ ಇದ್ದು, ಹಿಂದಿನ ಆಕ್ಸಲಿನ ಮಧ್ಯಭಾಗ 4 ಮೀಟರ್ ತ್ರಿಜ್ಯದ ವೃತ್ತದಲ್ಲಿ ತಿರುಗುತ್ತದೆ ಎಂದಿಟ್ಟುಕೊಳ್ಳೋಣ. ಒಂದು ಪೂರ್ಣ ಸುತ್ತಿಗೆ ಹಿಂದಿನ ಆಕ್ಸಲ್ ಸುಮಾರು 25 ಮೀಟರ್ ಸಾಗಿದರೆ, ಮುಂದಿನ ಆಕ್ಸಲ್ ಸುಮಾರು 28 ಮೀಟರ್ ಸಾಗಬೇಕಾಗುತ್ತದೆ. ಆದರೆ ಗೇರುಗಳು ಎರಡನ್ನೂ ಗೊತ್ತಾದ ಪ್ರಮಾಣದಲ್ಲಿ ಕಟ್ಟಿಹಾಕಿರುತ್ತವೆ. ಈ 3 ಮೀಟರ್ ವ್ಯತ್ಯಾಸ ಎಲ್ಲಿಯಾದರೂ ಹೋಗಲೇಬೇಕು.

ಹಸಿ ಮಣ್ಣಿನಲ್ಲಿ ಟೈರ್ ತುಸು ಜಾರಿ ವ್ಯತ್ಯಾಸ ಸರಿಹೋಗುತ್ತದೆ. ಡಾಂಬರು, ಕಾಂಕ್ರೀಟು ಮತ್ತು ಹಾಸುಬಂಡೆಯ ಮೇಲೆ ಟೈರ್ ಗಟ್ಟಿಯಾಗಿ ಕಚ್ಚಿಕೊಳ್ಳುವುದರಿಂದ ಜಾರುವುದಕ್ಕೆ ಅವಕಾಶವಿಲ್ಲ. ಆಗ ಹಗ್ಗಕ್ಕೆ ಹುರಿ ಏರುವಂತೆ ಶಾಫ್ಟ್ ಮತ್ತು ಗೇರುಗಳಲ್ಲಿ ಬಿಗಿತ ಏರುತ್ತಾ ಹೋಗುತ್ತದೆ. ಸ್ಟಿಯರಿಂಗ್ ಭಾರವಾಗುತ್ತದೆ, ಟೈರ್ ಉಜ್ಜಿಹೋಗುತ್ತದೆ, ಡೀಸೆಲ್ ಹೆಚ್ಚು ಖರ್ಚಾಗುತ್ತದೆ. ಕೊನೆಗೆ ಶಾಫ್ಟಿನ ಕ್ರಾಸ್, ಬೇರಿಂಗ್ ಅಥವಾ ಗೇರಿನ ಹಲ್ಲು ಮುರಿಯುತ್ತದೆ.

ಎಲ್ಲಿ ಹಾಕಬೇಕು, ಎಲ್ಲಿ ತೆಗೆಯಬೇಕು?

ಹಾಕಬೇಕಾದ ಸಂದರ್ಭಗಳು:

1. ನೇಗಿಲು, ಕಲ್ಟಿವೇಟರ್ ಮುಂತಾದ ಭಾರವಾದ ಉಪಕರಣಗಳಿಂದ ಉಳುವಾಗ ಹಿಂದಿನ ಗಾಲಿಗಳು ಜಾರುತ್ತಿದ್ದರೆ.
2. ಕೆಸರು, ಮರಳು ಮತ್ತು ಹಳ್ಳದ ದಾರಿಯಲ್ಲಿ. ಸಿಕ್ಕಿಕೊಂಡ ಮೇಲೆ ಹಾಕುವ ಬದಲು ಇಳಿಯುವುದಕ್ಕೆ ಮೊದಲೇ ಹಾಕಬೇಕು.
3. ಮಣ್ಣಿನ ದಾರಿಯಲ್ಲಿ ಹೊರೆ ಎಳೆದುಕೊಂಡು ದಿಣ್ಣೆ ಏರುವಾಗ.
4. ಹೊರೆಯೊಡನೆ ಜಾರುವ ಇಳಿಜಾರನ್ನು ಇಳಿಯುವಾಗ.

ಈ ನಾಲ್ಕನೆಯ ಅಂಶವನ್ನು ಅನೇಕರು ಗಮನಿಸುವುದಿಲ್ಲ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಬ್ರೇಕ್ ಇರುವುದು ಹಿಂದಿನ ಗಾಲಿಗಳಿಗೆ ಮಾತ್ರ. ನಾಲ್ಕು ಗಾಲಿ ಚಾಲನೆ ಹಾಕಿದಾಗ ಆ ಬ್ರೇಕಿನ ಬಲ ಶಾಫ್ಟಿನ ಮೂಲಕ ಮುಂದಿನ ಗಾಲಿಗಳಿಗೂ ತಲುಪಿ, ನಾಲ್ಕೂ ಗಾಲಿಗಳು ಟ್ರ್ಯಾಕ್ಟರನ್ನು ತಡೆದು ಹಿಡಿಯುತ್ತವೆ. ಆದುದರಿಂದ ಕಾವೇರಿಯ ಕಡೆಗೆ ಇಳಿಯುವಂತಹ ಕಡಿದಾದ ಮಣ್ಣುದಾರಿಗಳಲ್ಲಿ ಇಳಿಯುವ ಮುನ್ನವೇ ಕೆಳ ಗೇರಿಗೂ ನಾಲ್ಕು ಗಾಲಿ ಚಾಲನೆಗೂ ಹಾಕಿಕೊಳ್ಳಬೇಕು. ಎರಡು ಬ್ರೇಕ್ ಪೆಡಲುಗಳನ್ನೂ ಕೊಂಡಿಯಿಂದ ಸೇರಿಸಿರಬೇಕು. ಇಳಿಜಾರಿನ ಮಧ್ಯೆ ಕ್ಲಚ್ ಒತ್ತುವುದಾಗಲೀ ನ್ಯೂಟ್ರಲ್ ಮಾಡುವುದಾಗಲೀ ಪ್ರಾಣಾಪಾಯಕ್ಕೆ ದಾರಿ.

ತೆಗೆಯಬೇಕಾದ ಸಂದರ್ಭಗಳು:

1. ಒಣಗಿದ ಡಾಂಬರು ಅಥವಾ ಕಾಂಕ್ರೀಟು ರಸ್ತೆಗೆ ಬಂದ ಕೂಡಲೇ.
2. ವೇಗವಾಗಿ ಸಾಗಾಟ ಮಾಡುವಾಗ.
3. ಗಟ್ಟಿ ಕಣ, ಅಂಗಳ ಮತ್ತು ಬಂಡೆಯ ಮೇಲೆ ತಿರುಗಿಸುವಾಗ.

ಡಾಂಬರಿನ ಕಡಿದಾದ ಇಳಿಜಾರಿನಲ್ಲಿ ಏನು ಮಾಡಬೇಕೆಂಬುದನ್ನು ಆಯಾ ಟ್ರ್ಯಾಕ್ಟರಿನ ಕೈಪಿಡಿಯಲ್ಲಿ ಹೇಳಿದಂತೆ ಅನುಸರಿಸತಕ್ಕದ್ದು.

ಹಾಕುವ ಮತ್ತು ತೆಗೆಯುವ ಕ್ರಮ

ಲಿವರ್ ಇರುವ ಟ್ರ್ಯಾಕ್ಟರಿನಲ್ಲಿ ಮುಂದಿನ ಗಾಲಿಗಳನ್ನು ನೇರ ಮಾಡಿ, ಟ್ರ್ಯಾಕ್ಟರನ್ನು ನಿಲ್ಲಿಸಿ, ಕ್ಲಚ್ಚನ್ನು ಪೂರ್ತಿ ಒತ್ತಿ ಲಿವರ್ ಹಾಕಬೇಕು. ಲಿವರ್ ಕೂರದಿದ್ದರೆ ಗೇರಿನ ಹಲ್ಲುಗಳು ಎದುರುಬದುರಾಗಿ ನಿಂತಿವೆ ಎಂದು ತಿಳಿಯಬೇಕು. ಟ್ರ್ಯಾಕ್ಟರನ್ನು ಒಂದೆರಡು ಅಡಿ ನಿಧಾನವಾಗಿ ಚಲಿಸಿ, ಮತ್ತೆ ಪ್ರಯತ್ನಿಸಿದರೆ ಕೂರುತ್ತದೆ. ಲಿವರನ್ನು ಒದೆಯುವುದು, ಪೈಪು ಸಿಕ್ಕಿಸಿ ಎಳೆಯುವುದು ಸರಿಯಲ್ಲ. ಹಿಂದಿನ ಗಾಲಿ ಕೆಸರಿನಲ್ಲಿ ಗಿರಗಿರನೆ ತಿರುಗುತ್ತಿರುವಾಗ ಎಂದೂ ಹಾಕಬಾರದು. ಆ ಒಂದೇ ಹೊಡೆತಕ್ಕೆ ಹಲ್ಲು ಮುರಿಯಬಹುದು. ಸ್ವಿಚ್ಚಿನಿಂದ ಹಾಕುವ ಮಾದರಿಗಳಿಗೆ ಕೈಪಿಡಿಯ ಸೂಚನೆಯೇ ಪ್ರಮಾಣ.

ತೆಗೆಯುವಾಗ ಲಿವರ್ ಬಿಗಿದುಕೊಂಡಿದ್ದರೆ ಅದು ಶಾಫ್ಟಿನಲ್ಲಿ ಬಿಗಿತ ಏರಿರುವುದರ ಗುರುತು. ಗಾಲಿಗಳನ್ನು ನೇರ ಇಟ್ಟು ಕೆಲವು ಮೀಟರ್ ಹಿಂದಕ್ಕೆ ಓಡಿಸಿ, ಅಥವಾ ಮೆದು ಮಣ್ಣಿಗೆ ಇಳಿಸಿ ತುಸು ಮುಂದೆ ಹೋದರೆ ಬಿಗಿತ ಕಳೆದು ಲಿವರ್ ತಾನಾಗಿಯೇ ಸಡಿಲವಾಗುತ್ತದೆ.

ಜೀಪು ಮತ್ತು ಪಿಕಪ್ ಇರುವವರಿಗೂ ಇದೇ ನಿಯಮ ಅನ್ವಯಿಸುತ್ತದೆ. ಮಹೀಂದ್ರ ಸಂಸ್ಥೆ ನಮ್ಮ ದೇಶದಲ್ಲಿ ವಿಲ್ಲಿಸ್ ಜೀಪುಗಳ ಜೋಡಣೆಯನ್ನು ಆರಂಭಿಸಿದ ಕಾಲದಿಂದಲೂ ಈ ಬಗೆಯ ಚಾಲನೆ ನಮ್ಮಲ್ಲಿ ಬಳಕೆಯಲ್ಲಿದೆ. ಇಂತಹ ವಾಹನಗಳಲ್ಲಿ '2ಎಚ್' ರಸ್ತೆಗೆ, '4ಎಚ್' ಜಾರುವ ದಾರಿಗೆ, '4ಎಲ್' ಕಡಿದಾದ ಏರು ಇಳಿತಗಳಲ್ಲಿ ನಿಧಾನ ಚಾಲನೆಗೆ. '4ಎಲ್' ಹಾಕುವ ಮುನ್ನ ವಾಹನವನ್ನು ನಿಲ್ಲಿಸಿ ಕೈಪಿಡಿಯ ಕ್ರಮವನ್ನು ಅನುಸರಿಸಬೇಕು. ಗಾಲಿಯ ಹಬ್ಬಿನಲ್ಲಿ ಕೈಯಿಂದ ತಿರುಗಿಸುವ ಲಾಕ್ ಇದ್ದರೆ ಎರಡೂ ಕಡೆ ಒಂದೇ ರೀತಿ ಹಾಕಬೇಕು. ನಾಲ್ಕೂ ಟೈರುಗಳು ಒಂದೇ ಅಳತೆಯವಾಗಿರಬೇಕು.

ಟೈರುಗಳ ಹೊಂದಾಣಿಕೆ

ಟ್ರ್ಯಾಕ್ಟರಿನ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ತುಸು ಮುಂದಾಗಿ ಓಡುವಂತೆ ತಯಾರಕರು ಗೇರುಗಳನ್ನು ಇಟ್ಟಿರುತ್ತಾರೆ. ಈ ಮುನ್ನಡೆ ಸಾಮಾನ್ಯವಾಗಿ ಶೇಕಡ 1ರಿಂದ 5ರ ಒಳಗಿರಬೇಕು. ಹಿಂದಿನ ಟೈರ್ ಸವೆದಿರುವಾಗ ಮುಂದೆ ಮಾತ್ರ ಹೊಸ ಟೈರ್ ಹಾಕಿದರೆ, ಇಲ್ಲವೆ ಅಗ್ಗಕ್ಕೆ ಸಿಕ್ಕಿತೆಂದು ಬೇರೆ ಅಳತೆಯ ಟೈರ್ ಹಾಕಿದರೆ ಈ ಲೆಕ್ಕ ಕೆಡುತ್ತದೆ. ಆಗ ಹೊಲದಲ್ಲಿಯೂ ಗೇರಿನ ಮೇಲೆ ಬಿಗಿತ ಬೀಳುತ್ತದೆ.

ಇದನ್ನು ರೈತರೇ ಪರೀಕ್ಷಿಸಬಹುದು. ನಾಲ್ಕೂ ಟೈರುಗಳಿಗೆ ಕೈಪಿಡಿಯಲ್ಲಿ ಹೇಳಿದಷ್ಟು ಗಾಳಿ ತುಂಬಿ, ಒಂದು ಹಿಂದಿನ ಮತ್ತು ಒಂದು ಮುಂದಿನ ಟೈರಿಗೆ ಸುಣ್ಣದ ಗುರುತು ಹಾಕಬೇಕು. ಹೊರೆ ಇಲ್ಲದೆ ಸಮತಟ್ಟಾದ ಮಣ್ಣುದಾರಿಯಲ್ಲಿ ನೇರವಾಗಿ ಓಡಿಸಿ, ಹಿಂದಿನ ಗಾಲಿ 20 ಸುತ್ತು ತಿರುಗುವಷ್ಟರಲ್ಲಿ ಮುಂದಿನ ಗಾಲಿ ಎಷ್ಟು ಸುತ್ತು ತಿರುಗಿತೆಂದು ಇಬ್ಬರು ಪಕ್ಕದಲ್ಲಿ ದೂರದಿಂದ ನೋಡಿ ಎಣಿಸಬೇಕು. ಒಮ್ಮೆ ಚಾಲನೆ ಹಾಕಿ, ಇನ್ನೊಮ್ಮೆ ತೆಗೆದು ಹೀಗೆ ಮಾಡಬೇಕು. ಹಾಕಿದಾಗ 30 ಸುತ್ತು, ತೆಗೆದಾಗ 29.2 ಸುತ್ತು ಬಂದರೆ ವ್ಯತ್ಯಾಸ 0.8. ಇದನ್ನು 29.2ರಿಂದ ಭಾಗಿಸಿ 100ರಿಂದ ಗುಣಿಸಿದರೆ ಮುನ್ನಡೆ ಸುಮಾರು ಶೇಕಡ 2.7 ಆಗುತ್ತದೆ. ಇದು ಸರಿಯಾದ ಪ್ರಮಾಣ. ಶೇಕಡ 5ಕ್ಕಿಂತ ಹೆಚ್ಚು ಬಂದರೆ, ಅಥವಾ ತೆಗೆದಾಗಿನ ಸುತ್ತುಗಳೇ ಹೆಚ್ಚಾಗಿದ್ದರೆ ಟೈರುಗಳ ಹೊಂದಾಣಿಕೆ ತಪ್ಪಿದೆ ಎಂದರ್ಥ.

ಹಾನಿಯ ಪರೀಕ್ಷೆ

ಮೊದಲು ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಗಾಲಿಗಳಿಗೆ ಕಲ್ಲು ಕೊಡಬೇಕು.

1. ಸೋರಿಕೆ: ಮುಂದಿನ ಹಬ್ಬು, ಆಕ್ಸಲಿನ ನಡುಭಾಗ ಮತ್ತು ಶಾಫ್ಟ್ ಒಳಹೋಗುವ ಜಾಗದಲ್ಲಿ ಎಣ್ಣೆಯ ಜಿಡ್ಡು ಇದೆಯೇ ನೋಡಬೇಕು. ಹುಲ್ಲು, ದಾರ, ತಂತಿ ಸುತ್ತಿಕೊಂಡಿದ್ದರೆ ಬಿಡಿಸಬೇಕು. ಅವು ಆಯಿಲ್ ಸೀಲನ್ನು ಕತ್ತರಿಸುತ್ತವೆ.

2. ಎಣ್ಣೆ: ಮುಂದಿನ ಆಕ್ಸಲ್ ಮತ್ತು ಹಬ್ಬುಗಳಲ್ಲಿ ಎಣ್ಣೆಯ ಮಟ್ಟ ನೋಡಬೇಕು. ಎಣ್ಣೆ ಹಾಲಿನಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಹಳ್ಳ ದಾಟುವ ಟ್ರ್ಯಾಕ್ಟರುಗಳಲ್ಲಿ ಇದನ್ನು ತಪ್ಪದೆ ಗಮನಿಸಬೇಕು. ಎಣ್ಣೆ ಬದಲಾಯಿಸುವಾಗ ಆಯಸ್ಕಾಂತವಿರುವ ಪ್ಲಗ್ಗಿನ ಮೇಲೆ ಬೂದು ಬಣ್ಣದ ನುಣುಪು ಪುಡಿ ಇದ್ದರೆ ಅದು ಸಹಜವಾದ ಸವೆತ. ಲೋಹದ ಚೂರು ಕಂಡರೆ ಟ್ರ್ಯಾಕ್ಟರನ್ನು ಕೆಲಸಕ್ಕೆ ಹಚ್ಚದೆ ಮೆಕ್ಯಾನಿಕ್‌ಗೆ ತೋರಿಸಬೇಕು.

3. ಶಾಫ್ಟ್: ಕೈಯಿಂದ ಹಿಡಿದು ಎಡಬಲಕ್ಕೆ ತಿರುಗಿಸಿ, ಮೇಲೆ ಕೆಳಗೆ ಅಲ್ಲಾಡಿಸಿ ನೋಡಬೇಕು. ಕ್ರಾಸ್ ಇರುವ ಕಡೆ ಸಡಿಲವಿದ್ದರೆ, ಅಥವಾ ಬೇರಿಂಗಿನ ಸುತ್ತ ಕೆಂಪು ತುಕ್ಕಿನ ಪುಡಿ ಕಂಡರೆ ಗ್ರೀಸ್ ಒಣಗಿ ಸವೆತ ಆರಂಭವಾಗಿದೆ.

4. ಗಾಲಿ: ಮುಂದಿನ ಆಕ್ಸಲನ್ನು ಜಾಕ್ ಮೇಲೆ ಎತ್ತಿ, ಗಟ್ಟಿಯಾದ ಆಸರೆ ಕೊಟ್ಟು, ಗಾಲಿಯನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಬೇಕು. ಅಲುಗಾಟವಿದ್ದರೆ ಬೇರಿಂಗ್ ಅಥವಾ ಕಿಂಗ್‌ಪಿನ್ ಸವೆದಿದೆ.

ಎಚ್ಚರಿಕೆ: ಮುಂಭಾಗ ಜಾಕ್ ಮೇಲಿರುವಾಗ ಎಂಜಿನ್ ಚಾಲೂ ಮಾಡಿ ಗೇರ್ ಹಾಕಲೇಬಾರದು. ನೆಲದ ಮೇಲಿರುವ ಹಿಂದಿನ ಗಾಲಿಗಳು ಎಳೆದು ಟ್ರ್ಯಾಕ್ಟರ್ ಜಾಕಿನಿಂದ ಉರುಳುತ್ತದೆ.

5. ಸದ್ದು: ಓಡಿಸುವಾಗ ಕಿವಿಗೊಟ್ಟು ಕೇಳಬೇಕು. ಕ್ಲಚ್ ಬಿಟ್ಟ ಕೂಡಲೇ 'ಟಣ್' ಎಂದರೆ ಕ್ರಾಸ್ ಅಥವಾ ಶಾಫ್ಟಿನ ತುದಿ ಸಡಿಲವಾಗಿರಬಹುದು. ಪೂರ್ತಿ ತಿರುಗಿಸಿದಾಗ 'ಕಟಕಟ' ಎಂದರೆ ಗಾಲಿಯ ಬಳಿಯ ಜಾಯಿಂಟ್ ಅಥವಾ ಗೇರನ್ನು ನೋಡಬೇಕು. ಹೊರೆ ಎಳೆಯುವಾಗ ಎಡೆಬಿಡದೆ ಕೊರೆಯುವ ಸದ್ದು ಬಂದರೆ ಕ್ರೌನ್, ಪಿನಿಯನ್ ಇಲ್ಲವೆ ಬೇರಿಂಗ್ ಸವೆದಿರಬಹುದು. ಹಾಕಿದ ಲಿವರ್ ತಾನಾಗಿ ಹಾರಿಬಂದರೆ ಕೂಡುವ ಹಲ್ಲುಗಳು ಮೊಂಡಾಗಿವೆ ಅಥವಾ ಲಿವರಿನ ಸಂಪರ್ಕ ಸಡಿಲಗೊಂಡಿದೆ.

ಸೋರಿಕೆ ಮತ್ತು ಸುತ್ತಿಕೊಂಡ ಕಸವನ್ನು ಪ್ರತಿದಿನ ನೋಡಬೇಕು. ಉಳಿದ ಪರೀಕ್ಷೆಗಳನ್ನು ಉಳುಮೆಯ ಕಾಲಕ್ಕೆ ಮುಂಚೆಯೂ ನಂತರವೂ ಮಾಡುವುದು ಒಳ್ಳೆಯದು. ಗ್ರೀಸ್ ಮತ್ತು ಎಣ್ಣೆ ಬದಲಾವಣೆಯ ಗಂಟೆಗಳು ಮಾದರಿಯಿಂದ ಮಾದರಿಗೆ ಬೇರೆಯಾಗಿರುವುದರಿಂದ ಕೈಪಿಡಿಯನ್ನು ನೋಡತಕ್ಕದ್ದು.

ಹೆಚ್ಚಿನ ಮಾಹಿತಿಗೆ ರೈತರು ತಮ್ಮ ಹೋಬಳಿಯ ರೈತ ಸಂಪರ್ಕ ಕೇಂದ್ರವನ್ನು, ಅಥವಾ ಬೆಂಗಳೂರು ಕೃಷಿ ವಿಶ್ವವಿದ್ಯಾನಿಲಯಕ್ಕೆ ಸೇರಿದ, ಮಾಗಡಿ ತಾಲ್ಲೂಕು ಚಂದುರಾಯನಹಳ್ಳಿಯ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು. ಟ್ರ್ಯಾಕ್ಟರ್ ಚಾಲನೆ ಮತ್ತು ನಿರ್ವಹಣೆಯ ತರಬೇತಿಯನ್ನು ಅನಂತಪುರ ಜಿಲ್ಲೆಯ ಗಾರ್ಲದಿನ್ನೆಯಲ್ಲಿರುವ ಕೇಂದ್ರ ಸರ್ಕಾರದ ಕೃಷಿ ಯಂತ್ರೋಪಕರಣ ತರಬೇತಿ ಮತ್ತು ಪರೀಕ್ಷಾ ಸಂಸ್ಥೆಯೂ ನೀಡುತ್ತದೆ.

ಮೆದು ನೆಲಕ್ಕೆ ಹಾಕು, ಗಟ್ಟಿ ನೆಲಕ್ಕೆ ತೆಗೆ, ಜಾರುವ ಇಳಿಜಾರಿಗೆ ಮೊದಲೇ ಹಾಕಿಕೊ. ಇಷ್ಟನ್ನು ಟ್ರ್ಯಾಕ್ಟರಿನ ಯಜಮಾನರು ತಾವು ತಿಳಿದರೆ ಸಾಲದು. ಬಾಡಿಗೆಗೆ ಓಡಿಸುವ ಚಾಲಕರಿಗೂ, ಹೊಸದಾಗಿ ಕಲಿಯುವ ಮನೆಯ ಮಕ್ಕಳಿಗೂ ತಿಳಿಸಿಕೊಡಬೇಕು. ಹೀಗೆ ಮಾಡುವುದರಿಂದ ರಿಪೇರಿಯ ಖರ್ಚು ಉಳಿಯುವುದಲ್ಲದೆ, ಹದ ಬಂದ ದಿನ ಟ್ರ್ಯಾಕ್ಟರ್ ಹೊಲದಲ್ಲಿರುತ್ತದೆ, ಚಾಲಕನೂ ಕ್ಷೇಮವಾಗಿ ಮನೆ ಸೇರುತ್ತಾನೆ.