ಕರೆಯದೆ ಬಂದ ಸಂಕೇತ

ಮನೆಯ ಗೋಡೆಗಳ ಒಳಗೆ ಹಾಯ್ದುಹೋಗುವ ವಿದ್ಯುತ್ ತಂತಿಯು ದೀಪವನ್ನು ಬೆಳಗಿಸುತ್ತದೆ, ಬೀಸಣಿಗೆಯನ್ನು ತಿರುಗಿಸುತ್ತದೆ, ಒಲೆಯನ್ನು ಕಾಯಿಸುತ್ತದೆ. ಶಕ್ತಿಯನ್ನು ಹೊತ್ತು ತರುವುದೊಂದೇ ಅದರ ಕೆಲಸವೆಂದು ಸಾಮಾನ್ಯ ಜನರು ಭಾವಿಸುವುದು ಸಹಜ. ಆದರೆ ಶಕ್ತಿಯನ್ನು ಹೊರುವ ತಂತಿಯು ಸಂದೇಶವನ್ನೂ ಏಕೆ ಹೊರಬಾರದು? ಹಾಗಾದರೆ ಹೊಸ ತಂತಿಯನ್ನು ಎಳೆಯದೆಯೇ, ಕುಳಿತಲ್ಲಿಂದಲೇ ಮನೆಯ ಯಾವ ದೀಪವನ್ನಾದರೂ ಹೊತ್ತಿಸಬಹುದು, ಆರಿಸಬಹುದು. 1975ರಲ್ಲಿ ಸ್ಕಾಟ್ಲೆಂಡಿನ ಗ್ಲೆನ್ರೋಥೆಸ್ ಪಟ್ಟಣದ ಪಿಕೊ ಎಲೆಕ್ಟ್ರಾನಿಕ್ಸ್ ಎಂಬ ಸಂಸ್ಥೆಯು ಇಂತಹ ಒಂದು ವ್ಯವಸ್ಥೆಯನ್ನು ರೂಪಿಸಿತು. ಅದಕ್ಕೆ 'ಎಕ್ಸ್-10' ಎಂದು ಹೆಸರಾಯಿತು. 1978ರ ಹೊತ್ತಿಗೆ ಅದು ಅಮೆರಿಕದ ಅಂಗಡಿಗಳಿಗೆ ಬಂದು, ಮುಂದೆ ಅಲ್ಲಿನ ಅನೇಕ ಮನೆಗಳನ್ನು ಸೇರಿತು.

ಅದರ ಕಾರ್ಯವಿಧಾನವು ಸರಳವೂ ಜಾಣ್ಮೆಯದೂ ಆಗಿದೆ. ಅಮೆರಿಕದ ಮನೆಗಳಿಗೆ ಬರುವ ವಿದ್ಯುತ್ತು ಒಂದು ಸೆಕೆಂಡಿಗೆ 60 ಆವರ್ತಗಳನ್ನು ಪೂರೈಸುತ್ತದೆ. ಪ್ರತಿಯೊಂದು ಆವರ್ತದಲ್ಲಿಯೂ ಅದರ ಒತ್ತಡವು ಎರಡು ಬಾರಿ ಶೂನ್ಯಕ್ಕಿಳಿದು ದಿಕ್ಕನ್ನು ಬದಲಿಸುತ್ತದೆ. ಎಂದರೆ ಸೆಕೆಂಡಿಗೆ 120 ಬಾರಿ ತಂತಿಯು ಕ್ಷಣಕಾಲ ಶಾಂತವಾಗುತ್ತದೆ. ಡೊಳ್ಳಿನ ಎರಡು ಪೆಟ್ಟುಗಳ ನಡುವಿನ ಬಿಡುವಿನಲ್ಲಿ ಒಬ್ಬನು ಇನ್ನೊಬ್ಬನ ಕಿವಿಯಲ್ಲಿ ಮಾತನ್ನು ಉಸುರುವಂತೆ, ಈ ಶಾಂತ ಕ್ಷಣದಲ್ಲಿ 'ಪ್ರೇಷಕ'ವು 120 ಕಿಲೋಹರ್ಟ್ಸ್ ಆವರ್ತನದ ಸಣ್ಣದೊಂದು ಮಿಡಿತವನ್ನು ತಂತಿಗೆ ಬಿಡುತ್ತದೆ. ಅದು ಉಳಿಯುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು ಮಾತ್ರ. ಒಂದು ಶೂನ್ಯಬಿಂದುವಿನಲ್ಲಿ ಮಿಡಿತವಿದ್ದು ಮುಂದಿನದರಲ್ಲಿ ಮೌನವಿದ್ದರೆ ಅದು '1' ಎಂಬ ಅಂಕ. ಮೊದಲು ಮೌನ, ಅನಂತರ ಮಿಡಿತವಾದರೆ '0'. ಈ ಅಂಕಗಳ ಸರಣಿಯೇ ಆಜ್ಞೆಯಾಗುತ್ತದೆ. ದೀಪದ ಬಳಿಯಿರುವ 'ಗ್ರಾಹಕ'ವು ಅದನ್ನು ಓದಿಕೊಂಡು ನಡೆದುಕೊಳ್ಳುತ್ತದೆ.

ಯಾವ ಆಜ್ಞೆ ಯಾವ ದೀಪಕ್ಕೆ ಎಂಬುದನ್ನು ತಿಳಿಸಲು ವಿಳಾಸ ಬೇಕಷ್ಟೆ. ಪ್ರತಿ ಮನೆಗೂ ಇಂಗ್ಲಿಷಿನ ಎ ಅಕ್ಷರದಿಂದ ಪಿ ವರೆಗಿನ 16 ಅಕ್ಷರಗಳಲ್ಲಿ ಒಂದು. ಮನೆಯೊಳಗಿನ ಪ್ರತಿ ಉಪಕರಣಕ್ಕೂ 1ರಿಂದ 16ರವರೆಗಿನ ಒಂದು ಸಂಖ್ಯೆ. ಹೀಗೆ ಒಟ್ಟು 256 ವಿಳಾಸಗಳು ದೊರೆಯುತ್ತವೆ. ವಿಳಾಸವನ್ನೂ ಆಜ್ಞೆಯನ್ನೂ ಎರಡೆರಡು ಬಾರಿ ಕಳುಹಿಸಿದರೂ ಒಂದು ಸೆಕೆಂಡು ಪೂರ್ತಿ ಹಿಡಿಯುವುದಿಲ್ಲ.

ಇಷ್ಟು ಅಚ್ಚುಕಟ್ಟಾದ ಏರ್ಪಾಡಿನಲ್ಲಿಯೂ ವಿಚಿತ್ರ ತೊಂದರೆಗಳು ತಲೆದೋರಿದವು. ಕೆಲವು ಮನೆಗಳಲ್ಲಿ ನಡುರಾತ್ರಿ ಯಾರೂ ಮುಟ್ಟದ ದೀಪವು ತಾನಾಗಿಯೇ ಹೊತ್ತಿಕೊಂಡಿತು. ಕೆಲವೆಡೆ ನಿನ್ನೆಯವರೆಗೆ ವಿಧೇಯವಾಗಿದ್ದ ದೀಪವು ಇಂದು ಎಷ್ಟು ಸಲ ಗುಂಡಿಯೊತ್ತಿದರೂ ಹೊತ್ತದಾಯಿತು. ಇನ್ನು ಕೆಲವೆಡೆ ಅಡುಗೆಮನೆಯ ವಿದ್ಯುತ್ ಒಲೆ ಉರಿಯುತ್ತಿದ್ದಾಗ ಮಾತ್ರ ಮಲಗುವ ಕೋಣೆಯ ದೀಪವು ಮಾತು ಕೇಳುತ್ತಿತ್ತು! ಇದನ್ನು ಕೇವಲ ತಮಾಷೆಯೆಂದು ತಳ್ಳಿಹಾಕುವಂತಿರಲಿಲ್ಲ. ಹಾಸಿಗೆಯಿಂದ ಏಳಲಾರದ ರೋಗಿಗೂ, ಕತ್ತಲೆಯಲ್ಲಿ ನಡೆಯಲಂಜುವ ವೃದ್ಧರಿಗೂ ಇಂತಹ ವ್ಯವಸ್ಥೆಯು ಆಟದ ಸಾಮಾನಲ್ಲ, ಆಸರೆ. ಆಸರೆಯು ಹೇಳದೆ ಕೇಳದೆ ಕೈಕೊಟ್ಟರೆ ಭಯವೂ ಸಂಶಯವೂ ಹುಟ್ಟುತ್ತವೆ. ಕೆಲವರು ಯಂತ್ರವನ್ನು ಹಳಿಯುತ್ತಾರೆ. ಕೆಲವರು ಕಳ್ಳರನ್ನೋ ದೆವ್ವವನ್ನೋ ನೆನೆಯುತ್ತಾರೆ. ವಿವೇಕಿಯಾದವನು ಕಾರಣವನ್ನು ಹುಡುಕುತ್ತಾನೆ.

ಹುಡುಕುವವನಿಗೆ ತೊಂದರೆಯ ಸ್ವರೂಪವೇ ಮೊದಲ ಸುಳಿವು. ತಾನಾಗಿ ಹೊತ್ತುವ ದೀಪವನ್ನು ತೆಗೆದುಕೊಳ್ಳಬಹುದು. ಗೊತ್ತುಗುರಿಯಿಲ್ಲದ ಗದ್ದಲವು ಮಿಡಿತ ಮತ್ತು ಮೌನಗಳ ಸರಿಯಾದ ಸರಣಿಯನ್ನು ತಾನೇ ಜೋಡಿಸಿಕೊಂಡು, ಸರಿಯಾದ ವಿಳಾಸವನ್ನೂ ಉಚ್ಚರಿಸುವುದು ಬಲು ಅಪರೂಪ. ಆದುದರಿಂದ ಎಲ್ಲಿಯೋ ಇನ್ನೊಂದು ಪ್ರೇಷಕವು ನಿಜವಾಗಿಯೂ ಆಜ್ಞೆಯನ್ನು ಕೊಡುತ್ತಿರಬೇಕೆಂದು ಮೊದಲು ಶಂಕಿಸಬೇಕು. ಅಕ್ಕಪಕ್ಕದ ಮನೆಗಳಿಗೆ ಒಂದೇ ಟ್ರಾನ್ಸ್‌ಫಾರ್ಮರಿನಿಂದ ವಿದ್ಯುತ್ತು ಬರುವುದುಂಟು. ತಂತಿಗೆ ಗೋಡೆ, ಬೇಲಿಗಳ ಲೆಕ್ಕವಿಲ್ಲ. ಎರಡೂ ಮನೆಯವರು ಒಂದೇ ಅಕ್ಷರವನ್ನು ಇಟ್ಟುಕೊಂಡಿದ್ದರೆ, ಒಬ್ಬರು ತಮ್ಮ ಅಂಗಳದ ದೀಪವನ್ನು ಹೊತ್ತಿಸಿದಾಗ ಇನ್ನೊಬ್ಬರ ಕೋಣೆಯೂ ಬೆಳಗಬಹುದು. ಇಲ್ಲಿ ಯಂತ್ರವು ಕೆಟ್ಟಿಲ್ಲ. ತನಗೆ ಬಂದ ಆಜ್ಞೆಯನ್ನು ನಿಷ್ಠೆಯಿಂದ ಪಾಲಿಸಿದೆ. ಅಕ್ಷರವೊಂದನ್ನು ಬದಲಿಸಿದರೆ ದೆವ್ವವು ಓಡಿಹೋಗುತ್ತದೆ.

ಮಾತು ಕೇಳದ ದೀಪದ ಕಥೆ ಬೇರೆ. ಮಿಕ್ಸಿ ತಿರುಗುವಾಗ ಹತ್ತಿರದ ರೇಡಿಯೋ ಗರಗರ ಸದ್ದು ಮಾಡುವುದನ್ನು ಹಲವರು ಕೇಳಿರುತ್ತಾರೆ. ಮೋಟಾರಿನೊಳಗಿನ ಸಣ್ಣ ಕಿಡಿಗಳು ಎಬ್ಬಿಸುವ ಗದ್ದಲವದು. ದೂರದರ್ಶನ, ಗಣಕಯಂತ್ರ, ಕೆಲವು ಬಗೆಯ ದೀಪಗಳು, ತಂತಿಯ ಮೂಲಕವೇ ಮಾತನ್ನು ಸಾಗಿಸುವ ಇಂಟರ್‌ಕಾಮ್ ಇವೂ ತಂತಿಗೆ ತಮ್ಮ ಪಾಲಿನ ಗದ್ದಲವನ್ನು ಸೇರಿಸಬಲ್ಲವು. ಮೌನವಿರಬೇಕಾದ ಶೂನ್ಯಬಿಂದುವಿನಲ್ಲಿಯೂ ಗದ್ದಲ ತುಂಬಿಕೊಂಡರೆ ಗ್ರಾಹಕಕ್ಕೆ '1' ಯಾವುದು, '0' ಯಾವುದು ಎಂಬುದು ತಿಳಿಯದು. ಅದು ಸುಮ್ಮನಾಗುತ್ತದೆ. ಇನ್ನು ಕೆಲವು ಉಪಕರಣಗಳು ತಾವು ಸದ್ದು ಮಾಡುವುದಿಲ್ಲ; ಅವುಗಳೊಳಗಿನ ಕೆಪಾಸಿಟರು ಸಂಕೇತವನ್ನೇ ಹೀರಿಬಿಡುತ್ತದೆ. ಗದ್ದಲ ಮಾಡುವವನಿಗಿಂತ ಸದ್ದಿಲ್ಲದೆ ನುಂಗುವವನನ್ನು ಹಿಡಿಯುವುದು ಕಷ್ಟ. ಉಪಕರಣವನ್ನು ಆರಿಸಿದರೂ ಅದರ ಕೆಪಾಸಿಟರು ತಂತಿಗೆ ಅಂಟಿಕೊಂಡೇ ಇರಬಹುದು. ಆದ್ದರಿಂದ ಪರೀಕ್ಷಿಸುವಾಗ ಪ್ಲಗ್ಗನ್ನು ಗೋಡೆಯಿಂದ ಕಿತ್ತೇ ನೋಡಬೇಕು.

ಒಲೆಯ ಒಗಟಿಗೂ ಉತ್ತರವಿದೆ. ಅಮೆರಿಕದ ಮನೆಗೆ 120 ವೋಲ್ಟುಗಳ ಎರಡು ಕವಲುಗಳಲ್ಲಿ ವಿದ್ಯುತ್ತು ಬರುತ್ತದೆ. ಒಂದು ಕವಲಿನ ಸಂಕೇತವು ಇನ್ನೊಂದನ್ನು ಸೇರಬೇಕಾದರೆ ಹೊರಗಿನ ಟ್ರಾನ್ಸ್‌ಫಾರ್ಮರಿನವರೆಗೂ ಹೋಗಿ ಬರಬೇಕು. ಅಷ್ಟರಲ್ಲಿ ಅದು ಕ್ಷೀಣಿಸಿರುತ್ತದೆ. 240 ವೋಲ್ಟಿನ ಒಲೆಯಾದರೋ ಎರಡೂ ಕವಲುಗಳಿಗೆ ಜೋಡಿಸಲ್ಪಟ್ಟಿರುತ್ತದೆ. ಅದು ಉರಿಯುವಾಗ ಎರಡು ದಡಗಳ ನಡುವೆ ಸೇತುವೆ ಕಟ್ಟಿದಂತಾಗಿ ಸಂಕೇತವು ದಾಟುತ್ತದೆ. ಎರಡು ಕವಲುಗಳ ನಡುವೆ ಸಂಕೇತವನ್ನು ಮಾತ್ರ ದಾಟಿಸುವ ಜೋಡಕವೊಂದನ್ನು ನಿಪುಣರಿಂದ ಕೂಡಿಸಿದರೆ ಒಲೆಯ ಹಂಗು ತಪ್ಪುತ್ತದೆ.

ಗದ್ದಲದ ಮೂಲವನ್ನು ಹಿಡಿಯುವುದಕ್ಕೆ ಒಂದು ಕ್ರಮವುಂಟು. ಮೊದಲನೆಯದಾಗಿ, ತೊಂದರೆಯಾದ ದಿನ, ಗಂಟೆ, ಆಗ ಮನೆಯಲ್ಲಿ ನಡೆಯುತ್ತಿದ್ದ ಉಪಕರಣಗಳು, ಎಲ್ಲವನ್ನೂ ಬರೆದಿಡಬೇಕು. ನೆನಪು ಮರೆಯಬಹುದು, ಬರೆಹ ಮರೆಯದು. ಎರಡನೆಯದಾಗಿ, ಒಮ್ಮೆಗೆ ಒಂದನ್ನೇ ಬದಲಿಸಬೇಕು. ಹತ್ತನ್ನು ಒಟ್ಟಿಗೆ ಬದಲಿಸಿದರೆ ತೊಂದರೆ ಹೋದರೂ ಕಾರಣ ತಿಳಿಯದು. ಮೂರನೆಯದಾಗಿ, ಸಂಶಯದ ಕ್ಷೇತ್ರವನ್ನು ಅರ್ಧರ್ಧವಾಗಿ ಕುಗ್ಗಿಸಬೇಕು. ಪ್ರೇಷಕ ಗ್ರಾಹಕಗಳಿರುವ ಭಾಗವನ್ನು ಬಿಟ್ಟು ಮನೆಯಲ್ಲಿ ಇನ್ನು 16 ತಂತಿಭಾಗಗಳಿವೆಯೆಂದು ಇಟ್ಟುಕೊಳ್ಳಬಹುದು. ಪ್ರತಿ ಭಾಗಕ್ಕೂ ಬ್ರೇಕರ್ ಎಂಬ ಸ್ವಿಚ್ಚು ಇರುತ್ತದೆ. ಎಂಟನ್ನು ಆರಿಸಿದಾಗ ದೀಪವು ಮಾತು ಕೇಳಿದರೆ ಅಪರಾಧಿಯು ಆ ಎಂಟರಲ್ಲಿದೆ. ಕೇಳದಿದ್ದರೆ ಉಳಿದ ಎಂಟರಲ್ಲಿ. ಎಂಟು ನಾಲ್ಕಾಗಿ, ನಾಲ್ಕು ಎರಡಾಗಿ, ಎರಡು ಒಂದಾಗುತ್ತದೆ. 16ರಲ್ಲಿ ಒಂದನ್ನು ಗುರುತಿಸಲು ನಾಲ್ಕೇ ಪರೀಕ್ಷೆಗಳು ಸಾಕು. ಅಪರಾಧಿಗಳು ಇಬ್ಬರಿದ್ದರೆ ಶ್ರಮ ಹೆಚ್ಚು, ಮಾರ್ಗ ಮಾತ್ರ ಅದೇ. ಕೊನೆಗೆ ಆ ಭಾಗದ ಪ್ಲಗ್ಗುಗಳನ್ನು ಒಂದೊಂದಾಗಿ ಕಿತ್ತು ನೋಡಿದರೆ ಮೂಲವು ಸಿಕ್ಕುತ್ತದೆ. ಅದಕ್ಕೂ ಗೋಡೆಗೂ ನಡುವೆ 'ಶೋಧಕ'ವೊಂದನ್ನು ಇಟ್ಟರೆ ಗದ್ದಲವು ಅಲ್ಲಿಯೇ ತಡೆದು ನಿಲ್ಲುತ್ತದೆ. ವಿದ್ಯುತ್ ಹಲಗೆಯ ಮುಚ್ಚಳವನ್ನು ತೆರೆಯುವ ಕೆಲಸವನ್ನಂತೂ ಬಲ್ಲವರಿಗೇ ಬಿಡಬೇಕು.

ಈ ಕ್ರಮವು ಒಂದು ಬಗೆಯ ತಂತಿಗೆ ಮಾತ್ರ ಸಲ್ಲುವುದಲ್ಲ. ವೇಲ್ಸ್ ದೇಶದ ಪೊವಿಸ್ ಪ್ರಾಂತದಲ್ಲಿ ಅಬರ್‌ಹೋಸನ್ ಎಂಬ ಹಳ್ಳಿಯಿದೆ. ಅಲ್ಲಿ ಹದಿನೆಂಟು ತಿಂಗಳುಗಳ ಕಾಲ ಪ್ರತಿದಿನ ಬೆಳಗ್ಗೆ ಏಳು ಗಂಟೆಯ ಹೊತ್ತಿಗೆ ಊರಿನವರ ಅಂತರ್ಜಾಲ ಸಂಪರ್ಕವು ಕುಸಿಯುತ್ತಿತ್ತು. ಓಪನ್‌ರೀಚ್ ಸಂಸ್ಥೆಯ ಎಂಜಿನಿಯರುಗಳು ತಂತಿಯ ದೊಡ್ಡ ಭಾಗಗಳನ್ನೇ ಬದಲಿಸಿದರೂ ಫಲ ಕಾಣಲಿಲ್ಲ. ಕಡೆಗೆ ಅವರು ಗದ್ದಲದ ಆವರ್ತನವನ್ನು ತೋರಿಸುವ ಉಪಕರಣವನ್ನು ಹಿಡಿದು, ಸುರಿಯುವ ಮಳೆಯಲ್ಲಿ, ಮುಂಜಾನೆ ಊರಿನ ಬೀದಿಗಳಲ್ಲಿ ನಡೆದರು. ಗಂಟೆ ಏಳಾಯಿತು, ಉಪಕರಣವು ಗದ್ದಲವನ್ನು ತೋರಿತು. ಅದರ ಜಾಡು ಹಿಡಿದು ಹೋದಾಗ ಸಿಕ್ಕಿದ್ದು ಒಂದು ಮನೆಯಲ್ಲಿದ್ದ ಹಳೆಯ ದೂರದರ್ಶನ ಯಂತ್ರ! ಮನೆಯವರು ದಿನವೂ ಏಳಕ್ಕೆ ಅದನ್ನು ಹಚ್ಚುತ್ತಿದ್ದರು. ಊರಿಗೆಲ್ಲ ತಮ್ಮಿಂದ ತೊಂದರೆಯಾಗುತ್ತಿದೆಯೆಂಬುದು ಅವರಿಗೆ ತಿಳಿದೇ ಇರಲಿಲ್ಲ. ತಿಳಿದೊಡನೆ ಬಹಳ ನೊಂದುಕೊಂಡು, ಮತ್ತೆಂದೂ ಅದನ್ನು ಬಳಸುವುದಿಲ್ಲವೆಂದು ಒಪ್ಪಿಕೊಂಡರು. 2020ರ ಸೆಪ್ಟೆಂಬರಿನಲ್ಲಿ ಈ ಸಂಗತಿಯು ಲೋಕಕ್ಕೆ ತಿಳಿಯಿತು. ತಂತಿಯನ್ನು ಬದಲಿಸಿದಾಗ ಸಿಗದಿದ್ದ ಉತ್ತರವು ಗಡಿಯಾರವನ್ನು ಗಮನಿಸಿದಾಗ ಸಿಕ್ಕಿತು.

ಇಂದು ಮನೆಯ ದೀಪಗಳಿಗೆ ಆಜ್ಞೆಯನ್ನು ಕಳುಹಿಸಲು ನಿಸ್ತಂತು ಸಾಧನಗಳೇ ಹೆಚ್ಚಾಗಿ ಬಳಕೆಯಲ್ಲಿವೆ. ಗಾಳಿಯಲ್ಲಿ ಸಾಗುವ ಸಂಕೇತಕ್ಕೂ ಗದ್ದಲದ ಕಾಟ ತಪ್ಪಿಲ್ಲ. ಸಾಧನ ಯಾವುದೇ ಆಗಲಿ, ಅದನ್ನು ನೆರೆಹೊರೆಯವರೊಡನೆ ಹಂಚಿಕೊಂಡು ಬಾಳಬೇಕಾದುದು ಅನಿವಾರ್ಯ. ಒಬ್ಬರ ನಿರ್ದೋಷವಾದ ಬಳಕೆಯು ಇನ್ನೊಬ್ಬರಿಗೆ ಅಡ್ಡಿಯಾಗಬಹುದು. ಆಗ ಬೇಕಾದುದು ಜಗಳವಲ್ಲ, ಪರೀಕ್ಷೆ. ಅರ್ಥವಾಗದ ಘಟನೆಗೆಲ್ಲ ಕಾರಣವಿಲ್ಲವೆಂದಲ್ಲ. ಕಾರಣವು ಇನ್ನೂ ಕಂಡಿಲ್ಲವೆಂದಷ್ಟೇ ಅರ್ಥ. ತಾಳ್ಮೆಯಿಂದ ನೋಡಿ, ಬರೆದಿಟ್ಟು, ಒಂದೊಂದನ್ನಾಗಿ ತೆಗೆದು ಪರೀಕ್ಷಿಸುವವನಿಗೆ ಕರೆಯದೆ ಬಂದ ಸಂಕೇತವೂ ತನ್ನ ಊರು, ಮನೆ, ಹೆಸರುಗಳನ್ನು ಹೇಳಿಬಿಡುತ್ತದೆ.