‘ನೋಡ್ತೀನಿ’ ಎನ್ನುವ ತಂಡಕ್ಕೆ ಏಳು ಸೂತ್ರ

ನಮ್ಮದು 14 ಜನರ ಹವ್ಯಾಸಿ ನಾಟಕ ತಂಡ. ಹಗಲು ನೌಕರಿ, ಸಂಜೆ ತಾಲೀಮು, ಉಳಿದ ವ್ಯವಹಾರವೆಲ್ಲ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ. ಒಮ್ಮೆ ಪರ ಊರಿನ ಪ್ರದರ್ಶನಕ್ಕೆ ಹೋದಾಗ ರಾಜನ ಕಿರೀಟ ಮನೆಯಲ್ಲೇ ಉಳಿಯಿತು. ‘ಕಿರೀಟ ಯಾರು ತರ್ತೀರಿ?’ ಎಂಬ ಮೆಸೇಜಿಗೆ ಒಂಬತ್ತು ಹೆಬ್ಬೆಟ್ಟು ಬಿದ್ದಿದ್ದವು. ಒತ್ತಿದ ಒಬ್ಬೊಬ್ಬರೂ ಇನ್ನೊಬ್ಬರು ತರುತ್ತಾರೆ ಅಂದುಕೊಂಡಿದ್ದರು. ರಾಜ ಅವತ್ತು ಯಾರದೋ ಶಲ್ಯವನ್ನು ಪೇಟ ಸುತ್ತಿಕೊಂಡು ರಾಜ್ಯಭಾರ ಮಾಡಿದ. ಮುಂದಿನ ವಾರವೇ ನಾವು ಆನ್‌ಲೈನ್ ಕೆಲಸಪಟ್ಟಿಗೆ ಬಂದೆವು. ಕಚೇರಿಯಿರಲಿ, ಅಪಾರ್ಟ್‌ಮೆಂಟ್ ಸಂಘವಿರಲಿ, ಗಣೇಶೋತ್ಸವ ಸಮಿತಿಯಿರಲಿ, ಹೊಸದಾಗಿ ಶುರುಮಾಡುವವರಿಗೆ ಇಷ್ಟು ಗೊತ್ತಿದ್ದರೆ ಸಾಕು.

1. ಆ್ಯಪ್ ಆಮೇಲೆ, ಮೊದಲು ಹಾಳೆ
ಪೆನ್ನು ಹಿಡಿದು ಕೆಲಸಗಳನ್ನೆಲ್ಲ ಬರೆಯಿರಿ. ‘ಲೈಟಿಂಗ್ ನೋಡಿಕೊಳ್ಳುವುದು’ ಎಂದು ಬರೆದರೆ ಅದು ಬರೀ ತಲೆಬರಹ. ‘ಶುಕ್ರವಾರದೊಳಗೆ ಲೈಟಿನವರಿಗೆ ಮುಂಗಡ ಕೊಡುವುದು’ ಎಂದರೆ ಕೆಲಸ. ಪರೀಕ್ಷೆ ಸುಲಭ: ‘ಆಯ್ತಾ?’ ಎಂದು ಕೇಳಿದರೆ ಹೌದು, ಇಲ್ಲ ಎರಡರಲ್ಲೊಂದು ಉತ್ತರ ಬರಬೇಕು. ‘ನಡೀತಾ ಇದೆ’ ಎಂಬ ಉತ್ತರ ಬಂದರೆ ಆ ಸಾಲನ್ನು ಇನ್ನೂ ಒಡೆಯಬೇಕು.

2. ಒಂದು ಕೆಲಸಕ್ಕೆ ಒಂದೇ ಹೆಸರು
ಏಳರಲ್ಲಿ ಒಂದನ್ನಷ್ಟೇ ಪಾಲಿಸುತ್ತೀರಾದರೆ ಇದನ್ನು ಪಾಲಿಸಿ. ಫೇಸ್‌ಬುಕ್ ಸಹಸಂಸ್ಥಾಪಕ ಡಸ್ಟಿನ್ ಮಾಸ್ಕೊವಿಟ್ಜ್ 2008ರಲ್ಲಿ ಜಸ್ಟಿನ್ ರೋಸೆನ್‌ಸ್ಟೈನ್ ಜೊತೆ ಕಟ್ಟಿದ ‘ಆಸನ’ ಎಂಬ ತಂತ್ರಾಂಶದಲ್ಲಿ (ಹೆಸರು ನಮ್ಮ ಯೋಗಾಸನದ್ದೇ) ಒಂದು ಕೆಲಸಕ್ಕೆ ಒಬ್ಬರನ್ನು ಮಾತ್ರ ಹೊಣೆಗಾರರನ್ನಾಗಿ ಮಾಡಲು ಸಾಧ್ಯ. ಸಹಾಯಕ್ಕೆ ಹತ್ತು ಜನ ಬರಲಿ, ಕೇಳಿದಾಗ ಉತ್ತರ ಹೇಳುವವರು ಒಬ್ಬರೇ ಇರಲಿ.

ನಮ್ಮಲ್ಲಿ ಒಂದು ಮುಜುಗರವಿದೆ. ಅರವತ್ತು ದಾಟಿದ ನಿರ್ದೇಶಕರ ಹೆಸರಿನ ಮುಂದೆ ಇಪ್ಪತ್ತೆರಡರ ಹುಡುಗಿ ಕೆಲಸ ಬರೆದರೆ, ‘ಇವಳು ನನಗೆ ಹೇಳೋದಾ?’ ಎನ್ನುವ ಮೌನ ಶುರುವಾಗುತ್ತದೆ. ಅದಕ್ಕೇ ನಾವೊಂದು ನಿಯಮ ಮಾಡಿಕೊಂಡೆವು: ಫೋನ್ ಮಾಡಿ ಕೇಳದೆ ಯಾರ ಹೆಸರನ್ನೂ ಹಾಕುವಂತಿಲ್ಲ. ಈಗ ನಿರ್ದೇಶಕರು ತಾವಾಗಿಯೇ, ‘ಆ ಮೂರನೇದು ನಂಗೆ ಹಾಕಮ್ಮ’ ಎನ್ನುತ್ತಾರೆ.

3. ಮೂರೇ ಕಾಲಂ
ಮಾಡಬೇಕು, ನಡೀತಿದೆ, ಮುಗೀತು. ಟೊಯೊಟಾ ಕಾರ್ಖಾನೆಯಲ್ಲಿ ತೈಚಿ ಓನೊ ರೂಪಿಸಿದ ‘ಕಾನ್‌ಬಾನ್’ ಚೀಟಿಗಳ ಪದ್ಧತಿಯೇ ಇದರ ಮೂಲ. ಜಪಾನಿ ಭಾಷೆಯಲ್ಲಿ ಆ ಪದಕ್ಕೆ ಫಲಕ ಎಂದರ್ಥ. 2011ರಲ್ಲಿ ಬಂದ ಟ್ರೆಲೊ ಇಂಥ ಚೀಟಿಗಳನ್ನು ಬೆರಳಿನಿಂದ ಸರಿಸುವಷ್ಟು ಸಲೀಸು ಮಾಡಿತು. ಮಧ್ಯದ ಕಾಲಂ ಮೇಲೆ ಕಣ್ಣಿಡಿ. ಅಲ್ಲಿ ಒಬ್ಬರ ಹೆಸರಿನಲ್ಲಿ ಮೂರಕ್ಕಿಂತ ಹೆಚ್ಚು ಚೀಟಿ ಬೇಡ.

4. ಕೆಲಸಪಟ್ಟಿ ಬೇರೆ, ಚೆಕ್‌ಲಿಸ್ಟ್ ಬೇರೆ
ಇವೆರಡನ್ನೂ ಒಂದರಲ್ಲೇ ತುರುಕಿ ಕೆಡುವವರೇ ಹೆಚ್ಚು. ಮುಂಗಡ ಕೊಡುವುದು ಒಮ್ಮೆ ಮುಗಿದರೆ ಮುಗಿಯಿತು, ಅದು ಕೆಲಸಪಟ್ಟಿಗೆ. ಕಿರೀಟವೋ ಪ್ರತಿ ಪ್ರದರ್ಶನಕ್ಕೂ ಬೇಕು, ಅದು ಚೆಕ್‌ಲಿಸ್ಟಿಗೆ. ಚೆಕ್‌ಲಿಸ್ಟ್ ಇರುವುದು ಗೊತ್ತಿದ್ದವರು ಮರೆಯದಿರಲಿ ಎಂದು.

1935ರ ಅಕ್ಟೋಬರ್ 30ರಂದು ಅಮೆರಿಕದ ಓಹಿಯೋದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ವಿಮಾನ ಮೇಲೇರುತ್ತಲೇ ಬಿತ್ತು. ಯಂತ್ರ ಸರಿಯಾಗಿಯೇ ಇತ್ತು. ನಿಂತ ವಿಮಾನದ ಫಲಕಗಳು ಗಾಳಿಗೆ ಅಲುಗದಿರಲೆಂದು ಹಾಕಿದ್ದ ಲಾಕ್ ತೆಗೆಯುವುದನ್ನು ನುರಿತ ಪೈಲಟ್‌ಗಳೇ ಮರೆತಿದ್ದರು. ವಿಮಾನ ಹಾರಿಸುವ ಮುನ್ನ ಪಟ್ಟಿ ನೋಡುವ ರೂಢಿ ಬೇರೂರಿದ್ದು ಆ ಅಪಘಾತದ ನಂತರ. ವೈದ್ಯ ಅತುಲ್ ಗವಾಂಡೆ ಮುಂದಾಳತ್ವದಲ್ಲಿ ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ಶಸ್ತ್ರಚಿಕಿತ್ಸೆಗೂ ಇಂಥದೇ ಪಟ್ಟಿ ತಂದಿತು: 19 ಅಂಶ, ಮೂರು ನಿಲುಗಡೆ. ನವದೆಹಲಿಯೂ ಸೇರಿ ಎಂಟು ನಗರಗಳ ಆಸ್ಪತ್ರೆಗಳಲ್ಲಿ ಪ್ರಯೋಗಿಸಿದಾಗ ಸಾವಿನ ಪ್ರಮಾಣ ಶೇ. 1.5ರಿಂದ 0.8ಕ್ಕೆ ಇಳಿಯಿತು.

ಆ ಮೂರು ನಿಲುಗಡೆಯನ್ನು ನಾವು ಎತ್ತಿಕೊಂಡೆವು: ವ್ಯಾನ್ ಹತ್ತುವ ಮುನ್ನ, ಮೂರನೇ ಬೆಲ್‌ಗೆ ಮುನ್ನ, ರಂಗಮಂದಿರ ಬಿಡುವ ಮುನ್ನ. ಒಂದೊಂದರಲ್ಲೂ ಹತ್ತು ಸಾಲು ಮೀರುವುದಿಲ್ಲ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ವಸ್ತುವನ್ನು ಮುಟ್ಟಿ ‘ಇದೆ’ ಎನ್ನುತ್ತಾರೆ. ಮುಟ್ಟದೆ ‘ಇದೆ’ ಎಂದರೆ ನಡೆಯುವುದಿಲ್ಲ. ಮೂಲ ಪಟ್ಟಿಯನ್ನು ಹಾಗೇ ಇಟ್ಟು, ಪ್ರತಿ ಪ್ರದರ್ಶನಕ್ಕೂ ಅದರ ನಕಲು ತೆಗೆದು ಟಿಕ್ ಹಾಕುತ್ತೇವೆ. ಗ್ರೀನ್‌ರೂಮಿನಲ್ಲಿ ನೆಟ್‌ವರ್ಕ್ ಸಿಗದ ಕಡೆಗೆ ಒಂದು ಪ್ರಿಂಟ್ ಕೂಡ ಬ್ಯಾಗಿನಲ್ಲಿರುತ್ತದೆ. ಆನ್‌ಲೈನ್ ಎಂದ ಮಾತ್ರಕ್ಕೆ ಕಾಗದದ ಮೇಲೆ ಹಗೆ ಬೇಕಿಲ್ಲ.

5. ಕೈಗೆ ಪಳಗಿದ್ದನ್ನೇ ಹಿಡಿಯಿರಿ
ಸಣ್ಣ ತಂಡಕ್ಕೆ ಗೂಗಲ್ ಶೀಟ್ ಧಾರಾಳ ಸಾಕು. ಕೆಲಸ, ಹೆಸರು, ತಾರೀಖು, ಚೆಕ್‌ಬಾಕ್ಸ್, ಈ ನಾಲ್ಕು ಕಾಲಂ. ಕೆಲಸಗಳನ್ನು ಕನ್ನಡದಲ್ಲೇ ಬರೆಯಿರಿ. ನಮ್ಮ ಮೇಕಪ್‌ನವರು ಪಟ್ಟಿ ತೆರೆಯಲು ಶುರುಮಾಡಿದ್ದು ಅದು ಕನ್ನಡಕ್ಕೆ ಬಂದ ಮೇಲೆ. ಯಾವುದನ್ನೇ ಬಳಸಿ, ಆಗಾಗ ಒಂದು ಪ್ರತಿ ಇಳಿಸಿಕೊಳ್ಳಿ. ಬಹು ಜನಪ್ರಿಯವಾಗಿದ್ದ ವಂಡರ್‌ಲಿಸ್ಟನ್ನು 2015ರಲ್ಲಿ ಕೊಂಡ ಮೈಕ್ರೋಸಾಫ್ಟ್, 2020ರಲ್ಲಿ ಮುಚ್ಚಿಬಿಟ್ಟಿತು.

6. ವಾಟ್ಸ್‌ಆ್ಯಪ್ ಬಿಡಿಸಲು ಹೋಗಬೇಡಿ
ಬಿಡುವುದೂ ಇಲ್ಲ. ಹರಟೆ, ಜಗಳ, ಫೋಟೊ ಅಲ್ಲೇ ಇರಲಿ. ಪಟ್ಟಿಯ ಲಿಂಕನ್ನು ಗ್ರೂಪಿನಲ್ಲಿ ಪಿನ್ ಮಾಡಿ, ‘ಪಟ್ಟಿಗೆ ಏರದ ಕೆಲಸವನ್ನು ಯಾರೂ ಒಪ್ಪಿಕೊಂಡಿಲ್ಲ’ ಎಂದು ಒಮ್ಮೆ ಸಾರಿಬಿಡಿ.

7. ವಾರಕ್ಕೆ ಹದಿನೈದು ನಿಮಿಷ, ಬೈಗುಳವಿಲ್ಲದೆ
ನಾವು ಭಾನುವಾರದ ತಾಲೀಮಿಗೆ ಮುಂಚೆ, ಟೀ ಬರುವಷ್ಟರಲ್ಲಿ ಮುಗಿಸುತ್ತೇವೆ. ತಿಂಗಳಿನಿಂದ ಕದಲದ ಕೆಲಸವನ್ನು ಬೇರೆಯವರಿಗೆ ವಹಿಸುತ್ತೇವೆ, ಇಲ್ಲವೇ ಅಳಿಸುತ್ತೇವೆ. ಬಾಕಿ ಕೆಲಸದ ಸ್ಕ್ರೀನ್‌ಶಾಟ್ ತೆಗೆದು ಗ್ರೂಪಿಗೆ ಹಾಕುವ ಚಾಳಿ ಮಾತ್ರ ಬೇಡ. ಒಮ್ಮೆ ನಾನೇ ಹಾಗೆ ಮಾಡಿದೆ. ಮರುವಾರ ಎಲ್ಲ ಸಾಲಿಗೂ ಟಿಕ್ ಬಿದ್ದಿತ್ತು, ಅರ್ಧದಷ್ಟು ಕೆಲಸ ಆಗಿರಲೇ ಇಲ್ಲ.

ಕಿರೀಟ ಈಗ ನಮ್ಮ ವ್ಯಾನ್ ಪಟ್ಟಿಯ ಮೊದಲ ಸಾಲು. ಆ ನಾಟಕ ಆಡುವುದನ್ನು ಬಿಟ್ಟು ಎರಡು ವರ್ಷವಾಯಿತು; ಸಾಲು ಅಳಿಸಲು ಇನ್ನೂ ಯಾರೂ ಒಪ್ಪಿಲ್ಲ.